ತಂಗಿಯ ಅಂಗಳದ ಹಿಮ

ಗೇಲ್ ಕೂಬಿಯಾಕ್‌ಗೆ ಈ ಲೋಕದಲ್ಲಿ ಕಂಡರಾಗದವು ಮೂರು: ಹಿಮ, ತಂಗಿ ನಡೀನ್, ಸರ್ಕಾರದ ಕೊಡುಗೆ. ಹಿಮವಾದರೂ ಏಪ್ರಿಲ್ ಹೊತ್ತಿಗೆ ಕರಗುತ್ತಿತ್ತು. ಉಳಿದೆರಡು ಕರಗುವ ಜಾತಿಯವಲ್ಲ.

ಅಮೆರಿಕದ ಬಫಲೋ ನಗರದ ಪಕ್ಕದ ಚೀಕ್ಟೊವಾಗಾದಲ್ಲೇ ಹುಟ್ಟಿ, ಅಲ್ಲಿಯ ಶಾಲೆಯೊಂದರ ಅಡಿಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಲೇ ತಲೆ ನೆರೆಸಿಕೊಂಡವಳು ಅವಳು. ಮದುವೆಯ ಗೊಡವೆಗೆ ಹೋಗಿರಲಿಲ್ಲ. ಶುಕ್ರವಾರ ಸಂಜೆ ಫೈರ್ ಹಾಲಿನಲ್ಲಿ ಊರಿಗೆಲ್ಲ ಮೀನು ಕರಿಯುತ್ತಿದ್ದಳು. ಬೆಂಕಿ ಆರಿಸುವವರ ಜಾಗದಲ್ಲಿ ಬಾಣಲೆ ಕಾಯಿಸುವ ಕೆಲಸ. ಬಫಲೋದವರ ಚರ್ಮ ದಪ್ಪವೆಂದು ಹೊರಗಿನವರು ನಗುತ್ತಾರೆ. ಅದು ಊರಿನ ಹೆಸರಿನಿಂದ ಬಂದದ್ದಲ್ಲ, ಚಳಿಯಿಂದ ಬಂದದ್ದು. ಗೇಲ್‌ಳ ವಿಷಯದಲ್ಲಿ ಮಾತ್ರ ತಂಗಿಯಿಂದ ಬಂದದ್ದು.

ನಲವತ್ತೆಂಟು ತುಂಬುವ ತನಕ ಅವಳದು ಬಾಡಿಗೆ ಮನೆ. ಒಂದೇ ಕಟ್ಟಡದಲ್ಲಿ ಮೇಲೆ ಅಕ್ಕ, ಕೆಳಗೆ ತಂಗಿ. ನಡೀನ್‌ಳ ಬದುಕಿನ ಗಂಡಾಂತರ ಯಾವಾಗಲೋ ಮುಗಿದು ಗಂಡನಿಗೂ ಅವಳಿಗೂ ಮೂರು ರಾಜ್ಯಗಳ ಅಂತರ ಬಿದ್ದಿತ್ತು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಮುಂದೆ ಕೂತು ಫೋನೆತ್ತುವ ಕೆಲಸ. ಹಾಗಾಗಿ ಬಂದವರಿಗೆ ಹಲ್ಲು ಕಿರಿಯುವುದೂ ಒಡಹುಟ್ಟಿದವಳ ಮೇಲೆ ಹಲ್ಲು ಕಡಿಯುವುದೂ ಎರಡೂ ಅವಳಿಗೆ ಸಲೀಸು. ಮೇಲೆ ಗೇಲ್ ಒಂದು ಪಾತ್ರೆ ಕೆಳಗಿಟ್ಟರೆ ಸಾಕು, ಕೆಳಗಿನಿಂದ ನಡೀನ್ ಪೊರಕೆಯ ಹಿಡಿ ತಿರುಗಿಸಿ ಸೂರನ್ನು ಕುಟ್ಟುತ್ತಿದ್ದಳು. ಕೊನೆಕೊನೆಗೆ ಗೇಲ್‌ಗೆ ನಿದ್ದೆಯಲ್ಲೂ ಆ ಸದ್ದು ಕೇಳಿಸಿ, ತನ್ನ ಕನಸು ಜೋರಾಯಿತೇನೋ ಎಂದು ಎಚ್ಚರವಾಗುತ್ತಿತ್ತು.

ಜಗಳಕ್ಕೆ ಎಣ್ಣೆ ಹೊಯ್ದವಳು ತಾಯಿ ವಾಂಡಾ. ಅವಳ ಬಳಿ ಅವಳಮ್ಮ ಪೋಲೆಂಡಿನಿಂದ ಹಡಗಿನಲ್ಲಿ ತಂದ ನಾರಿನ ಮೇಜುಬಟ್ಟೆಯೊಂದಿತ್ತು. ಕ್ರಿಸ್ಮಸ್ಸಿನ ಹಿಂದಿನ ಸಂಜೆಯ ಊಟ ಆ ಮನೆತನದಲ್ಲಿ ಆ ಬಟ್ಟೆಯ ಮೇಲೇ ಆಗಬೇಕು. ಕೆಳಗೆ ಹಿಡಿ ಒಣಹುಲ್ಲು ಹಾಸಿ, ಮೇಲೆ ಬಟ್ಟೆ ಹರಡಿ, ಕರೆಯದೆ ಬರುವ ಅತಿಥಿಗೆಂದು ಒಂದು ಕುರ್ಚಿ ಖಾಲಿ ಬಿಟ್ಟು ಉಣ್ಣುವುದು ಪದ್ಧತಿ. ಸ್ವಂತ ಮನೆ ಮಾರಿ ಚರ್ಚಿನವರ ವೃದ್ಧರ ವಸತಿಗೆ ಹೋದ ದಿನ ವಾಂಡಾ ಹೆಣ್ಣುಮಕ್ಕಳಿಬ್ಬರನ್ನೂ ಕೂರಿಸಿ ತೀರ್ಪು ಕೊಟ್ಟಳು: ಬಾಡಿಗೆಯವನ ನೆಲದ ಮೇಲೆ ಈ ಬಟ್ಟೆ ಹಾಸಲು ಬಿಡುವುದಿಲ್ಲ, ಯಾರು ಮೊದಲು ಸ್ವಂತ ಸೂರು ಮಾಡುತ್ತೀರೋ ಬಟ್ಟೆಯೂ ಹಬ್ಬವೂ ಅವರದು. ಅಷ್ಟು ಹೇಳಿ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ತನ್ನ ಹಾಸಿಗೆಯಡಿ ಇಟ್ಟುಕೊಂಡಳು.

ಎರಡು ಸಾವಿರದ ಎಂಟನೆಯ ಇಸವಿ ಬಂತು. ಮನೆಗಳ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಬೀದಿಗೆರಡು ಬಾಗಿಲು ಹಾಕಿದ ಮನೆಗಳು. ಸರ್ಕಾರ ಜನರ ಮೂಗಿಗೆ ತುಪ್ಪ ಸವರಲು ಹೊರಟಿತು: ಇದುವರೆಗೆ ಮನೆಯಿಲ್ಲದವರು ಮೊದಲ ಮನೆ ಕೊಂಡರೆ ತೆರಿಗೆಯಲ್ಲಿ ಏಳೂವರೆ ಸಾವಿರ ಡಾಲರ್ ವಾಪಸು. ತುಪ್ಪ ಸವರಿದ ಮೇಲೆ ಅದೇ ಮೂಗನ್ನು ಹಿಡಿಯುವ ಏರ್ಪಾಡೂ ಇತ್ತು. ಆ ಹಣವನ್ನು ವರ್ಷಕ್ಕೆ ಐನೂರರಂತೆ ಹದಿನೈದು ವರ್ಷ ತಿರುಗಿ ಕಟ್ಟಬೇಕು. ಕೊಡುಗೆ ಎಂಬ ಮಾತಿನ ಹೊಟ್ಟೆಯಲ್ಲೇ ‘ಕೊಡು’ ಎಂಬ ಅಪ್ಪಣೆ ಕೂತಿರುವುದು ಗೇಲ್‌ಗೆ ಗೊತ್ತಿತ್ತು. ಬಡ್ಡಿಯಿಲ್ಲವಲ್ಲ, ಎಲ್ಲರಿಗೂ ಒಂದೇ ನಿಯಮ ತಾನೇ ಎಂದು ಒಪ್ಪಿಕೊಂಡಳು.

ಸಿಕ್ಕಿದ್ದು ಎರಡು ಮಲಗುವ ಕೋಣೆಗಳ ಪುಟ್ಟ ಮನೆ. ಮನೆ ತೋರಿಸಿದ ದಲ್ಲಾಳಿಗೆ ತನ್ನ ಕಸುಬಿಗೆ ಒಪ್ಪದ ಪ್ರಾಮಾಣಿಕತೆಯಿತ್ತು. ಅವಸರ ಬೇಡ, ವಸಂತದ ತನಕ ತಡೆಯಿರಿ, ಬೆಲೆ ಇನ್ನೂ ಇಳಿಯುತ್ತದೆ, ನಿಯಮವೂ ಬದಲಾಗಬಹುದು ಎಂದ.

“ಹುಲ್ಲು ಹಾಸೋದು ಕ್ರಿಸ್ಮಸ್ಸಿಗೆ ಕಣಯ್ಯ, ಈಸ್ಟರಿಗಲ್ಲ,” ಎಂದಳು ಗೇಲ್.

ಬ್ಯಾಂಕಿನವರನ್ನೂ ವಕೀಲರನ್ನೂ ಕಾಡಿಸಿ ಪೀಡಿಸಿ ಡಿಸೆಂಬರ್ ಇಪ್ಪತ್ತೆರಡಕ್ಕೆ ಸಹಿ ಹಾಕಿಸಿಕೊಂಡಳು. ಇಪ್ಪತ್ನಾಲ್ಕರ ಸಂಜೆ ಹೊಸ ಮನೆಯಲ್ಲಿ ಬಟ್ಟೆ ಹರಡಿತ್ತು. ಮೊದಲ ನಕ್ಷತ್ರ ಕಂಡಮೇಲೆ ಊಟಕ್ಕೆ ಕೂರುವುದು ಸಂಪ್ರದಾಯ. ಡಿಸೆಂಬರಿನ ಚೀಕ್ಟೊವಾಗಾದಲ್ಲಿ ಆಕಾಶವನ್ನೇ ಕಂಡವರಿಲ್ಲವಾದ್ದರಿಂದ, ವಿಮಾನ ನಿಲ್ದಾಣಕ್ಕೆ ಇಳಿಯುವ ಮೊದಲ ವಿಮಾನದ ದೀಪಕ್ಕೇ ವಾಂಡಾ ಕೈಮುಗಿದು ಕೂತಳು. ಬೀಟ್ರೂಟ್ ಸಾರು, ಉಪ್ಪು ಹಾಕಿದ ಹೆರಿಂಗ್ ಮೀನು, ಆಲೂಗೆಡ್ಡೆ ತುಂಬಿದ ಪಿಯೆರೋಗಿ ಕಡುಬು. ನಡೀನ್ ಸುತ್ತ ನೋಡಿ, ಇಲ್ಲಿ ಕುರ್ಚಿಗಿಂತ ರಟ್ಟಿನ ಪೆಟ್ಟಿಗೆಯೇ ಜಾಸ್ತಿ ಎಂದಳು. ಅವಳ ಗಂಟಲಲ್ಲಿ ಕಡುಬು ಇಳಿಯದೆ ನಿಂತದ್ದನ್ನು ಗೇಲ್ ಕಣ್ತುಂಬ ನೋಡಿದಳು. ಅಷ್ಟು ರುಚಿಯಾದ ಹಬ್ಬದೂಟವನ್ನು ಅವಳು ಹಿಂದೆಂದೂ ಉಂಡಿರಲಿಲ್ಲ.

ಆ ರುಚಿ ಫೆಬ್ರವರಿಯವರೆಗೆ ಉಳಿಯಿತು. ಶಾಲೆಯ ಅಡಿಗೆಮನೆಯಲ್ಲಿ ಬೆಂದ ಮ್ಯಾಕರೋನಿಯ ನೀರು ಬಸಿಯುತ್ತಿದ್ದಾಗ ರೇಡಿಯೊ ಹೇಳಿತು: ಕಾನೂನು ಬದಲಾಗಿದೆ. ಹೊಸ ವರ್ಷದ ಮೊದಲ ದಿನದಿಂದ ಈಚೆಗೆ ಮನೆ ಕೊಂಡವರಿಗೆ ಎಂಟು ಸಾವಿರ, ತಿರುಗಿ ಕೊಡಬೇಕಿಲ್ಲ, ಮೂರು ವರ್ಷ ಆ ಮನೆಯಲ್ಲೇ ವಾಸವಿದ್ದರೆ ಸಾಕು. ಅದಕ್ಕೂ ಮೊದಲು ಕೊಂಡವರು ಹಳೆಯ ನಿಯಮದಂತೆ ಕಟ್ಟತಕ್ಕದ್ದು. ನೀರಿನ ಜೊತೆಗೆ ಮ್ಯಾಕರೋನಿಯೂ ಸಿಂಕಿಗೆ ಹೋಯಿತು. ಫೈರ್ ಹಾಲಿನ ಮೂಲೆಯಲ್ಲಿ ಕೂತು ಊರವರ ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದ ಮನುಷ್ಯ, ಹತ್ತೇ ಹತ್ತು ದಿನ ತಡೆದಿದ್ದರೆ ಆಗಿತ್ತಲ್ಲ ಎಂದು ಮರುಗಿದ. ಆಮೇಲಿನ ಶುಕ್ರವಾರಗಳಲ್ಲಿ ಅವನ ತಟ್ಟೆಗೆ ಬಾಲದ ತುಂಡೇ ಬಿತ್ತು.

ಏಪ್ರಿಲ್‌ನಲ್ಲಿ ನಡೀನ್ ಮನೆ ಕೊಂಡಳು. ಇಡೀ ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಗೇಲ್‌ಳ ಹಿತ್ತಿಲಿಗೆ ಹಿತ್ತಿಲು ಅಂಟಿದ ಮನೆಯೇ. ನಡುವೆ ಸೊಂಟದೆತ್ತರದ ತಂತಿ ಬೇಲಿ. ಸರ್ಕಾರದ ಎಂಟು ಸಾವಿರ ಬಂದ ವಾರ ಅಡಿಗೆಮನೆಗೆ ಗ್ರಾನೈಟ್ ಹಾಸಿಸಿ, ಬೇಲಿಯ ಬಳಿ ಬಂದು ನಿಂತಳು.

“ಥ್ಯಾಂಕ್ಸ್ ಕಣೇ ಗೇಲ್. ನಿನ್ನಂಥೋರು ಮುಂಚೆ ಹೋಗಿ ಹಳ್ಳಕ್ಕೆ ಬಿದ್ದಿದ್ದಕ್ಕೇ ಸರ್ಕಾರಕ್ಕೆ ಬುದ್ಧಿ ಬಂದಿದ್ದು.”

ಅಲ್ಲಿಂದ ಮುಂದಿನದು ಬೇಲಿಯ ಇತಿಹಾಸ. ಇವಳ ಮೇಪಲ್ ಎಲೆ ಅವಳ ಕಡೆಗೆ, ಅವಳ ಹುಲ್ಲು ಕತ್ತರಿಸುವ ಯಂತ್ರದ ಧೂಳು ಇವಳ ಒಣಗಿದ ಬಟ್ಟೆಗೆ. ಈಸ್ಟರ್ ಬೆಳಿಗ್ಗೆ ತಾಯಿಯ ಕೋಣೆಯಲ್ಲಿ, ಹಬ್ಬಕ್ಕೆಂದು ಬೆಣ್ಣೆಯಲ್ಲಿ ಅಚ್ಚು ಹಾಕಿದ ಕುರಿಮರಿಯ ತಲೆಗೆ ಮೊದಲ ಚಾಕು ಯಾರು ಹಾಕಬೇಕೆಂದು ಮಾತಿಗೆ ಮಾತು ಬೆಳೆದು, ತೀರ್ಮಾನವಾಗುವ ಮೊದಲೇ ಕುರಿಮರಿ ತಟ್ಟೆಯಲ್ಲಿ ಕರಗಿ ಮಲಗಿತು. ಆದರೆ ಇವೆಲ್ಲ ಚಿಲ್ಲರೆ. ನಡೀನ್‌ಳ ನಿಜವಾದ ಗುರಿ ಬಟ್ಟೆ. ತನ್ನ ಊಟದ ಕೋಣೆಯಲ್ಲಿ ಹತ್ತು ಜನ ಕೂರಬಹುದು, ತನ್ನ ಮನೆಗೆ ಸರ್ಕಾರದ ಸಾಲವೂ ಇಲ್ಲ, ಹದಿನೈದು ವರ್ಷ ಕಂತು ಕಟ್ಟುವ ಮನೆಯನ್ನು ಸ್ವಂತ ಸೂರು ಅನ್ನುವುದು ಹೇಗೆ ಎಂದು ತಾಯಿಯ ಕಿವಿ ಕಚ್ಚಿದಳು. ವಾಂಡಾ ಯೋಚಿಸಿದಳು. ಗೇಲ್‌ಳ ಮೊದಲ ಕಂತು ಬರುವುದು ಎರಡು ಸಾವಿರದ ಹನ್ನೊಂದರ ವಸಂತದಲ್ಲಿ. ಅದಕ್ಕೆ ಮುಂಚಿನ ಕ್ರಿಸ್ಮಸ್ ಊಟದ ಮೇಜಿನಲ್ಲೇ ಬಟ್ಟೆ ಮುಂದೆ ಯಾರದೆಂದು ಹೇಳಿಬಿಡುವುದಾಗಿ ಪ್ರಕಟಿಸಿದಳು.

ಆ ಬಟ್ಟೆಗಾಗಿಯೇ ಹತ್ತು ದಿನದ ಅವಸರಕ್ಕೆ ಅಷ್ಟು ದೊಡ್ಡ ದಂಡ ತೆತ್ತವಳು ಗೇಲ್. ಬಟ್ಟೆಯೂ ಹೋದರೆ ಉಳಿಯುವುದು ಕಂತು ಒಂದೇ.

ಎರಡು ಸಾವಿರದ ಹತ್ತರ ನವೆಂಬರಿನಲ್ಲಿ ನಡೀನ್‌ಳ ಬದುಕಿಗೆ ಡ್ವೇನ್ ಎಂಬವನು ಬಂದ. ಲಾಕ್‌ಪೋರ್ಟಿನಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ, ಕಿವಿಯ ತನಕ ಮೀಸೆ ಬಿಟ್ಟಿದ್ದ. ಸ್ವಲ್ಪ ದಿನದಲ್ಲೇ ಗೇಲ್‌ಳ ಅಡಿಗೆಮನೆಯ ಕಿಟಕಿಗೆ ಒಂದು ವಿಚಿತ್ರ ಕಾಣಿಸತೊಡಗಿತು. ತಂಗಿಯ ಮನೆಯ ದೀಪ ಸಂಜೆ ಆರಕ್ಕೆ ಸರಿಯಾಗಿ ಹತ್ತುತ್ತಿತ್ತು, ಹತ್ತಕ್ಕೆ ಸರಿಯಾಗಿ ಆರುತ್ತಿತ್ತು. ಹುಟ್ಟಿದಾಗಿನಿಂದ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಾರದ ನಡೀನ್ ಇಷ್ಟು ಶಿಸ್ತಿನವಳಾಗಲು ಸಾಧ್ಯವಿಲ್ಲ. ಅದು ಗಡಿಯಾರದ ಗುಂಡಿ ಜೋಡಿಸಿದ ದೀಪ. ಮನೆಯಾಕೆ ಲಾಕ್‌ಪೋರ್ಟಿನಲ್ಲಿ ಮೀಸೆಯ ನೆರಳಲ್ಲಿದ್ದಾಳೆ. ಡಿಸೆಂಬರಿನ ಮೊದಲ ದೊಡ್ಡ ಹಿಮ ಬಿದ್ದಾಗ ಉಳಿದ ಅನುಮಾನವೂ ಹೋಯಿತು. ಗೇಲ್ ಬೀದಿ ಸುತ್ತಿ ಹೋಗಿ ಮುಂದಿನಿಂದ ನೋಡಿದಳು. ಬೀದಿಯವರೆಲ್ಲ ಬೆಳಗಾಗುವ ಮೊದಲೇ ಸಲಿಕೆ ಹಿಡಿದು ದಾರಿ ಬಿಡಿಸಿಕೊಂಡಿದ್ದರು. ನಡೀನ್‌ಳ ಅಂಗಳದಲ್ಲಿ ಮೊಣಕಾಲುದ್ದದ ಹಿಮ, ಅದರ ಮೇಲೆ ಒಂದು ಹೆಜ್ಜೆ ಗುರುತಿಲ್ಲ, ಅಳಿಲಿನದೂ ಇಲ್ಲ.

ಹೊಟ್ಟೆಯೊಳಗೆ ಬಿಸಿ ಸಾರು ಇಳಿದಂತಾಯಿತು. ಮೂರು ವರ್ಷ ವಾಸ ಎಂಬುದು ನಿಯಮ, ಎರಡೂ ತುಂಬಿಲ್ಲ. ಆ ಶುಕ್ರವಾರ ತೆರಿಗೆಯ ಮನುಷ್ಯನಿಗೆ ಹೆಚ್ಚುಕಡಿಮೆ ಎರಡು ವರ್ಷದ ನಂತರ ನಡುಭಾಗದ ದೊಡ್ಡ ತುಂಡು ಬಡಿಸಿ, ಯಾರೋ ಗೊತ್ತಿರುವವರ ವಿಷಯ ಎಂದು ಕೇಳಿದಳು. ಹಾಗೆ ಬಿಟ್ಟುಹೋದರೆ ಎಂಟು ಸಾವಿರವನ್ನೂ ಒಂದೇ ಏಟಿಗೆ ವಾಪಸು ಕಟ್ಟಬೇಕು, ಇಲಾಖೆಗೆ ಯಾರಾದರೂ ಒಂದು ಮಾತು ತಿಳಿಸಿದರೆ ಮುಗಿಯಿತು ಎಂದನವನು, ಮುಳ್ಳು ತೆಗೆಯುತ್ತ. ನಡೀನ್‌ಳ ಎಂಟು ಸಾವಿರ ಗ್ರಾನೈಟಾಗಿ ಕೂತಿದೆ. ಕಲ್ಲು ಕಿತ್ತು ತೆರಿಗೆ ಕಟ್ಟಲಾದೀತೇ? ಮನೆಯನ್ನೇ ಮಾರಬೇಕು.

ಮನೆಗೆ ಬಂದು ಫೋನಿನ ಮುಂದೆ ಕೂತಳು. ಕೈ ಹೋಗಲಿಲ್ಲ. ಮನಸ್ಸು ಕರಗಿತೆಂದಲ್ಲ, ಇಂಥ ಸಂತೋಷವನ್ನು ಒಬ್ಬಳೇ ಅನುಭವಿಸುವುದು ದಂಡವೆನ್ನಿಸಿತು. ಮರುದಿನ ತಾಯಿಯ ಬಳಿ ಹೋಗಿ, ಹಬ್ಬದ ಪಿಯೆರೋಗಿಗೆ ಹಿಟ್ಟು ಲಟ್ಟಿಸುತ್ತ ಎಲ್ಲವನ್ನೂ ಹೇಳಿದಳು. ವಾಂಡಾ ಕಡುಬಿನ ಅಂಚು ಒತ್ತುವುದನ್ನು ನಿಲ್ಲಿಸಲಿಲ್ಲ.

“ಮಾಡು, ಫೋನ್ ಮಾಡು,” ಎಂದಳು. “ಮನೆ ಹೋಗತ್ತೆ ಅವಳದು. ಆಮೇಲೆ?”

“ಆಮೇಲೇನು, ಡ್ವೇನ್ ಇದಾನಲ್ಲ.”

“ಆ ಮೀಸೆ ಈಸ್ಟರ್ ತನಕ ಬಾಳಲ್ಲ. ನನ್ನ ರೂಮಲ್ಲಿ ಇನ್ನೊಬ್ಬರನ್ನ ಇಟ್ಕೊಳ್ಳೋಕೆ ಚರ್ಚಿನೋರು ಬಿಡಲ್ಲ. ನಿನ್ನ ಹತ್ರ ಎರಡನೇ ಕೋಣೆ ಇದೆ. ತಂಗೀನ ಬೀದೀಲಿ ಬಿಡ್ತೀಯಾ? ನಾನು ಬದುಕಿರೋ ತನಕ ಬಿಡೋಕೆ ಬಿಡಲ್ಲ.”

ಗೇಲ್‌ಳ ಲಟ್ಟಣಿಗೆ ನಿಂತಿತು. ಹೊಲಿಗೆ ಯಂತ್ರವಿಟ್ಟ ಆ ಎರಡನೇ ಕೋಣೆ ಕಣ್ಣಮುಂದೆ ಬಂತು. ಅದರಲ್ಲಿ ನಡೀನ್, ನಡೀನ್‌ಳ ಸೆಂಟು, ನಡೀನ್‌ಳ ನಗು, ನಡೀನ್‌ಳ ಪೊರಕೆ. ಈ ಸಲ ಕುಟ್ಟಲು ಸೂರೂ ಬೇಕಿಲ್ಲ, ನಡುಗೋಡೆಯೇ ಸಾಕು.

ಹಿಂದಿರುಗುವ ದಾರಿಯಲ್ಲಿ ಕಾರನ್ನು ಬೇಕೆಂದೇ ತಂಗಿಯ ಬೀದಿಗೆ ತಿರುಗಿಸಿದಳು. ಎದುರು ಮನೆಯ ಸ್ಟ್ಯಾನ್ ಜವಾಡಾ ಗೇಟಿನಲ್ಲಿ ನಿಂತಿದ್ದ. ಜೀವಮಾನವೆಲ್ಲ ಮನೆಮನೆಯ ಗ್ಯಾಸ್ ಮೀಟರ್ ಓದಿದವನು, ನಿವೃತ್ತಿಯಾದ ಮೇಲೆ ಮನೆಗಳನ್ನೇ ಓದುತ್ತಿದ್ದ. ಯಾರ ಕಸದ ಡಬ್ಬ ಬೀದಿಗೆ ಬಂತು, ಯಾರ ನಾಯಿ ಎಲ್ಲಿ ಕೂತಿತು ಎಂದು ಟೌನ್ ಹಾಲಿಗೆ ಫೋನ್ ಮಾಡುವುದು ಅವನಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ಗೇಲ್ ಗಾಜು ಇಳಿಸಿದಳು.

“ನಿನ್ನ ತಂಗಿ ಈ ಮನೇಲಿಲ್ಲ ಬಿಡಮ್ಮ. ನನಗೆ ಗೊತ್ತಾಗಲ್ವಾ?” ಎಂದ. “ಕಾಲುದಾರೀಲಿ ಇಷ್ಟು ಹಿಮ ಬಿಟ್ಟಿದಾಳೆ. ಸೋಮವಾರ ಟೌನ್ ಹಾಲಿಗೆ ಹೇಳ್ತೀನಿ, ಖಾಲಿ ಮನೆ ಅಂತ. ಅವರು ಎಲ್ಲಿಗೆ ಹೇಳ್ಬೇಕೋ ಹೇಳ್ಕೊಳ್ಳಲಿ.”

“ಇದಾಳೆ,” ಎಂದಳು ಗೇಲ್. “ಸೊಂಟ ಉಳುಕಿದೆ. ಮಲಗಿದಾಳೆ.”

ತಂಗಿಯ ಪರವಾಗಿ ಜೀವನದಲ್ಲಿ ಆಡಿದ ಮೊದಲ ಸುಳ್ಳು. ನಾಲಿಗೆಗೆ ಹಾಗಲಕಾಯಿ ಮುಟ್ಟಿಸಿದಂತಾಯಿತು.

ಭಾನುವಾರ ಬೆಳಿಗ್ಗೆ, ಜವಾಡಾ ಪೂಜೆಗೆ ಚರ್ಚಿಗೆ ಹೋದ ಹೊತ್ತು ನೋಡಿ, ಗೇಲ್ ಬೇಲಿ ದಾಟಿದಳು. ಐವತ್ತರ ಹೆಂಗಸು, ಒಂದು ಕಾಲು ಈಚೆ, ಒಂದು ಕಾಲು ಆಚೆ, ಕೈಯಲ್ಲಿ ಸಲಿಕೆ, ಬಾಯಲ್ಲಿ ಪ್ರಾರ್ಥನೆಯಲ್ಲದ ಮಾತುಗಳು. ತಂಗಿಯ ಕಾಲುದಾರಿಯ ಹಿಮ ಎತ್ತಿದಳು, ಕಾರು ನಿಲ್ಲುವ ಜಾಗ ಬಿಡಿಸಿದಳು. ಹೋಗಿ ಬಂದ ಗುರುತಿರಲೆಂದು ಬಾಗಿಲ ಮೆಟ್ಟಿಲ ತನಕ ಮುಂದಕ್ಕೊಮ್ಮೆ ನಡೆದು, ಹಿಂದಕ್ಕೊಮ್ಮೆ ನಡೆದು, ಮಧ್ಯೆ ಬೆನ್ನು ಹಿಡಿದು ನಿಂತಳು. ಒಂದೊಂದು ಸಲಿಕೆಗೂ ಒಂದೊಂದು ಶಾಪ. ಸರ್ಕಾರಕ್ಕೆ ಒಂದು, ಡ್ವೇನನ ಮೀಸೆಗೆ ಒಂದು, ಉಳಿದದ್ದೆಲ್ಲ ಮನೆಯೊಡತಿಗೆ. ಬಫಲೋ ಹಿಮ ಒಂದು ದಿನದ್ದೇ? ಸರೋವರದ ಗಾಳಿ ಬೀಸಿದಾಗಲೆಲ್ಲ ಬೀಳುತ್ತದೆ. ಬಿದ್ದಾಗಲೆಲ್ಲ ತನ್ನ ಅಂಗಳ ಮುಗಿಸಿ ಅವಳದನ್ನೂ ಎತ್ತಬೇಕಾಯಿತು. ಹಬ್ಬದ ವಾರ ಹೆಪ್ಪುಗಟ್ಟಿದ ಗಡ್ಡೆಗೆ ಬಡಿದು ಅವಳ ಸಲಿಕೆಯ ಹಿಡಿ ಮುರಿಯಿತು.

“ಸೊಂಟ ಉಳುಕಿದೋಳು ಚೆನ್ನಾಗಿ ಎತ್ತತಾಳೆ,” ಎಂದ ಜವಾಡಾ ಮತ್ತೆ ಸಿಕ್ಕಾಗ. “ಹಿಮಾನ ಎಡಗಡೆಗೇ ರಾಶಿ ಹಾಕ್ತಾಳೆ. ನಿನ್ನ ಥರಾನೇ.”

“ಒಂದೇ ತಾಯಿ ಮಕ್ಕಳಲ್ವಾ,” ಎಂದಳು ಗೇಲ್. ಅವನು ಬಹಳ ಹೊತ್ತು ಅವಳನ್ನು ಮೀಟರಿನಂತೆ ನೋಡಿದ. ಆದರೆ ಟೌನ್ ಹಾಲಿಗೆ ಫೋನ್ ಹೋಗಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಗೇಲ್ ಮೇಜಿಗೆ ಬಟ್ಟೆ ಹಾಸಿದಳು. ಇದೇ ಕೊನೆಯ ಸಲವೇನೋ ಎಂದು ಅದರ ಮಡಿಕೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಬಿಡಿಸಿದಳು. ನಡೀನ್ ಹೊಸ ಕೋಟು ಹಾಕಿಕೊಂಡು, ಡ್ವೇನನ ತೋಳು ಹಿಡಿದು ಬಂದಳು. ಖಾಲಿ ಕುರ್ಚಿಯನ್ನು ನೋಡಿ, ಇದು ತೆರಿಗೆ ಇಲಾಖೆಯವರಿಗೋ, ಮೊದಲ ಕಂತು ಇಸಿದುಕೊಳ್ಳಲು ಬರುತ್ತಾರೋ ಎಂದು ಕೇಳಿದಳು. ಡ್ವೇನ್ ನಕ್ಕ. ವಾಂಡಾ ವಿಮಾನದ ದೀಪ ಹುಡುಕುತ್ತಿದ್ದಳು.

ಊಟಕ್ಕೆ ಮೊದಲು ಒಪ್ವಾಟೆಕ್ ಮುರಿಯಬೇಕು. ಹಪ್ಪಳಕ್ಕಿಂತ ತೆಳು, ಚರ್ಚಿನಿಂದ ತಂದ ಬಿಳಿಯ ಬಿಲ್ಲೆ ಅದು. ಒಬ್ಬರ ಕೈಯದನ್ನು ಇನ್ನೊಬ್ಬರು ಚೂರು ಮುರಿದು ತಿಂದು, ಬರುವ ವರ್ಷಕ್ಕೆ ಶುಭ ಹಾರೈಸಬೇಕು. ಎಂಥ ಹಗೆಯಿದ್ದರೂ ಒಲ್ಲೆ ಎನ್ನುವಂತಿಲ್ಲ. ಅಕ್ಕತಂಗಿಯರು ಕಿಟಕಿಯ ಬಳಿ ಎದುರುಬದುರಾದರು. ನಡೀನ್ ಅಕ್ಕನ ಬಿಲ್ಲೆಯಿಂದ ದೊಡ್ಡ ಚೂರನ್ನೇ ಮುರಿದಳು.

“ಹದಿನೈದು ವರ್ಷಾನೂ ಕಂತು ಕಟ್ಟೋ ಶಕ್ತಿ ಕೊಡಲಿ ದೇವರು ನಿಂಗೆ.”

ಗೇಲ್ ತಂಗಿಯ ಬಿಲ್ಲೆ ಮುರಿದಳು. ಕಿಟಕಿಯಾಚೆ ಹಿತ್ತಿಲಿನ ಕೊನೆಯಲ್ಲಿ, ಗಂಟೆ ಆರಾಯಿತೆಂದು ಖಾಲಿ ಮನೆಯ ದೀಪ ತಾನೇ ಹತ್ತಿತು. ಇಬ್ಬರೂ ನೋಡಿದರು.

“ಮೂರು ವರ್ಷಾನೂ ನಿನ್ನ ಮನೇಲೇ ಮಲಗೋ ಭಾಗ್ಯ ಕೊಡಲಿ ನಿಂಗೆ,” ಎಂದಳು ಗೇಲ್, ತಾಯಿಗೂ ಮೀಸೆಗೂ ಕೇಳಿಸದಷ್ಟು ಮೆಲ್ಲಗೆ. “ಆ ದೀಪ ನಿನಗಿಂತ ಮರ್ಯಾದಸ್ಥ, ಹೊತ್ತಿಗೆ ಸರಿಯಾಗಿ ಮನೇಲಿರತ್ತೆ. ಅಂಗಳದ ಹಿಮ ಯಾರು ಎತ್ತತಾರೆ ಅಂತ ಒಂದಿನಾನಾದ್ರೂ ಯೋಚನೆ ಮಾಡಿದೀಯಾ?”

ನಡೀನ್‌ಳ ಬಾಯಲ್ಲಿದ್ದ ಚೂರು ಅಲ್ಲೇ ನಿಂತಿತು. ಹಲ್ಲು ಕಿರಿಯುವುದೂ ಮರೆತುಹೋಯಿತು, ಕಡಿಯುವುದೂ ಮರೆತುಹೋಯಿತು.

“ಯಾರಿಗೆ ಹೇಳಿದೀಯ?”

“ಇನ್ನೂ ಯಾರಿಗೂ ಇಲ್ಲ. ಅಮ್ಮಂಗೆ ಬಿಟ್ಟು.”

“ಏನು ಬೇಕು ನಿಂಗೆ?”

“ಸಲಿಕೆ. ನಿನ್ನ ಹಿಮಕ್ಕೆ ನಂದು ಮುರೀತು.”

ವಿಮಾನದ ದೀಪ ಕಂಡಿತೆಂದು ವಾಂಡಾ ಎಲ್ಲರನ್ನೂ ಕೂಗಿದಳು. ಸಾರು ಬಡಿಸಿದ ಮೇಲೆ, ಗಂಟಲು ಸರಿಮಾಡಿಕೊಂಡು ಬಟ್ಟೆಯ ಮಾತೆತ್ತಿದಳು. ಗೇಲ್‌ಳ ಕೈ ಮೇಜಿನಡಿಯಲ್ಲಿ ಬಟ್ಟೆಯ ಅಂಚನ್ನು ಹಿಡಿಯಿತು. ತಾಯಿ ವಾಕ್ಯ ಮುಗಿಸುವ ಮೊದಲೇ ನಡೀನ್ ತಟ್ಟೆಯಿಂದ ಕಣ್ಣೆತ್ತದೆ, ಇಲ್ಲೇ ಇರಲಿ ಬಿಡಮ್ಮ, ನನ್ನ ಮೇಜಿಗೆ ಈ ಬಟ್ಟೆ ಗಿಡ್ಡವಾಗುತ್ತದೆ ಎಂದಳು. ಡ್ವೇನ್, ನಿನ್ನೆಯಷ್ಟೇ ಅಳತೆ ಹಿಡಿದು ಸರಿಯಾಗುತ್ತದೆ ಅಂದೆಯಲ್ಲ ಎಂದು ಶುರುಮಾಡಿದ. ಮೇಜಿನಡಿ ಏನೋ ತಗುಲಿದ್ದಕ್ಕೆ ಮೀಸೆ ಕಂಪಿಸಿ ಸುಮ್ಮನಾದ. ವಾಂಡಾ ಇಬ್ಬರು ಹೆಣ್ಣುಮಕ್ಕಳ ಮುಖವನ್ನೂ ಸರದಿಯಂತೆ ನೋಡಿ, ಹೆರಿಂಗ್ ಮೀನಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಯಾವ ಗಡಿಯಾರಕ್ಕೂ ಒಗ್ಗದ ಹೊತ್ತಿನಲ್ಲಿ ತಂಗಿಯ ಅಡಿಗೆಮನೆಯ ದೀಪ ಹತ್ತಿತು. ಗೇಲ್ ಸಿಂಕಿನ ಬಳಿ ನಿಂತು ನೋಡಿದಳು. ಆಮೇಲೆ ಟಿ.ವಿ.ಯ ಗಲಾಟೆ, ಬಾಗಿಲು ಬಡಿದ ಸದ್ದು. ಮೀಸೆ ಈಸ್ಟರ್ ತನಕವೂ ಬಾಳಿರಲಿಲ್ಲ. ಮಧ್ಯಾಹ್ನ ಹಿತ್ತಿಲ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಹೊಸ ಸಲಿಕೆಯೊಂದು ಒರಗಿತ್ತು. ಅರ್ಧ ಬೆಲೆಗೆ ಮಾರಿದ್ದೆಂಬ ಕೆಂಪು ಚೀಟಿಯನ್ನು ಕಿತ್ತಿರಲಿಲ್ಲ. ಬೇಕೆಂದೇ ಬಿಟ್ಟದ್ದು. ಮತ್ತು ರಾತ್ರಿ ಬಿದ್ದ ಹಿಮವೆಲ್ಲ ನಡೀನ್‌ಳ ಹಿತ್ತಿಲಿನಿಂದ ಬೇಲಿ ದಾಟಿ, ಗೇಲ್‌ಳ ಹಿತ್ತಿಲಿನಲ್ಲಿ ಗುಡ್ಡೆಯಾಗಿ ಕೂತಿತ್ತು.

ಬೇಲಿಯಾಚೆ ನಡೀನ್ ಗುಲಾಬಿ ಬೂಟು ಹಾಕಿಕೊಂಡು ನಿಂತಿದ್ದಳು.

“ನಿಂಗೆ ಅಭ್ಯಾಸ ತಪ್ಪೋಗಬಾರದು ಅಂತ ಈ ಕಡೆ ಹಾಕಿದೆ,” ಎಂದಳು.

ಗೇಲ್ ಕೋಟಿನ ಗುಂಡಿ ಹಾಕಿಕೊಂಡು ಹೊರಬಂದಳು. ಹೊಸ ಸಲಿಕೆಯ ತೂಕ ನೋಡಿದಳು. ಅರ್ಧ ಬೆಲೆಗೆ ಪರವಾಗಿಲ್ಲ. ರಾಶಿಗೆ ಚುಚ್ಚಿ, ತುಂಬ ಎತ್ತಿ, ಗುಲಾಬಿ ಬೂಟುಗಳ ಮೇಲೆ ಸರಿಯಾಗಿ ಬೀಳುವಂತೆ ಬೇಲಿಯಾಚೆ ಎಸೆದಳು.